ಐಶ್ಯಾಡೋ ಪ್ರೈಮರ್ ಕೈಕೊಟ್ಟಾಗ: ದೋಷದ ಮೂಲ ಹುಡುಕುವ ಕ್ರಮ

ಕಣ್ಣುರೆಪ್ಪೆಯ ಬಣ್ಣವಾದ ಐಶ್ಯಾಡೋ ನಿಲ್ಲಲೆಂದು ಅದರಡಿ ಹಚ್ಚುವ ಪದರವೇ ಪ್ರೈಮರ್. ಹೊಸ ಪ್ರೈಮರ್ ಹಚ್ಚಿ ನೋಡಿದ ಮೊದಲ ದಿನವೇ ಐಶ್ಯಾಡೋ ರೆಪ್ಪೆಯ ಮಡಿಕೆಯಲ್ಲಿ ಗೆರೆಗಟ್ಟಿ ನಿಂತರೆ, ಆ ಟ್ಯೂಬನ್ನು ಬದಿಗಿಟ್ಟು ಇನ್ನೊಂದನ್ನು ಕೊಳ್ಳಲು ಹೊರಡುವವರೇ ಹೆಚ್ಚು. ಆದರೆ ರೆಪ್ಪೆಯ ಮೇಲೆ ಬಣ್ಣ ನಿಲ್ಲುವುದೋ ಇಲ್ಲವೋ ಎಂಬುದು ಪ್ರೈಮರ್ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಹಚ್ಚುವ ಮೊದಲು ಚರ್ಮದ ಮೇಲೆ ಏನಿತ್ತು, ಎಷ್ಟು ಹಚ್ಚಿದಿರಿ, ಎಷ್ಟು ಹೊತ್ತು ಒಣಗಲು ಬಿಟ್ಟಿರಿ, ಅದರ ಮೇಲೆ ಯಾವ ಬಗೆಯ ಐಶ್ಯಾಡೋ ಬಂತು ಎಂಬ ಸಂಗತಿಗಳೆಲ್ಲವೂ ಅದರಲ್ಲಿ ಪಾಲು ಪಡೆದಿರುತ್ತವೆ. ಇವುಗಳಲ್ಲಿ ಯಾವುದು ತಪ್ಪಿತು ಎಂಬುದರ ಗುರುತು ಸಾಮಾನ್ಯವಾಗಿ ರೆಪ್ಪೆಯ ಮೇಲೆಯೇ ಇರುತ್ತದೆ. ಗೆರೆ ಎಲ್ಲಿ ಬಿತ್ತು, ಯಾವಾಗ ಬಿತ್ತು, ಅದರ ಬಣ್ಣ ಗಾಢವೋ ಪೇಲವವೋ ಎಂಬುದನ್ನು ಗಮನಿಸಿದರೆ ಕಾರಣದ ಬಹುಪಾಲು ಅಲ್ಲಿಯೇ ಹೊರಬೀಳುತ್ತದೆ. ಆದ್ದರಿಂದ ಬಣ್ಣ ಕೆಟ್ಟಿತೆಂದು ಕಂಡೊಡನೆ ಮುಖ ತೊಳೆಯಬೇಡಿ. ಮೊದಲು ಕನ್ನಡಿ ಹಿಡಿದು ನೋಡಿ.

ಪ್ರೈಮರ್ ಮಾಡುವ ಕೆಲಸ

ಕಣ್ಣುರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದದ್ದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ನಾವು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ಕಣ್ಣು ಮಿಟುಕಿಸುತ್ತೇವೆ. 15ರ ಲೆಕ್ಕ ಹಿಡಿದರೂ ಎಚ್ಚರವಿರುವ 16 ಗಂಟೆಗಳಲ್ಲಿ ಈ ಚರ್ಮ 14,000ಕ್ಕೂ ಹೆಚ್ಚು ಬಾರಿ ಮಡಚಿ ಬಿಚ್ಚಿಕೊಳ್ಳುತ್ತದೆ. ಇದರ ಜೊತೆಗೆ ಚರ್ಮದ ಎಣ್ಣೆ ಗ್ರಂಥಿಗಳು ಸೂಸುವ ಜಿಡ್ಡು, ಎವೆಗಳ ಸಾಲಿನ ಹಿಂದೆ ರೆಪ್ಪೆಯ ಅಂಚಿನಲ್ಲಿರುವ ಮೈಬೋಮಿಯನ್ ಗ್ರಂಥಿಗಳಿಂದ ಬರುವ ಎಣ್ಣೆ, ಕಣ್ಣೀರು ಮತ್ತು ಬೆವರು ಸೇರುತ್ತವೆ. ಸಾಮಾನ್ಯ ಐಶ್ಯಾಡೋ ಎಂದರೆ ಟಾಲ್ಕ್, ಅಭ್ರಕ ಮತ್ತು ಬಣ್ಣದ ಕಣಗಳನ್ನು ಸ್ವಲ್ಪ ಅಂಟುಪದಾರ್ಥದೊಂದಿಗೆ ಒತ್ತಿ ಮಾಡಿದ ಪುಡಿ. ಇಂಥ ಪುಡಿ ಎಣ್ಣೆ ಕುಡಿದು, ಮಡಚಿದ ಕಡೆಗೆ ಜರುಗಿ ಗುಡ್ಡೆಯಾಗುವುದು ಸಹಜ. ಅದು ಹಾಗೆ ಜರುಗದಂತೆ ತಡೆಯುವುದೇ ಪ್ರೈಮರ್‌ನ ಕೆಲಸ.

ಟ್ಯೂಬಿನಲ್ಲಿ ಬರುವ ಹೆಚ್ಚಿನ ಪ್ರೈಮರ್‌ಗಳಲ್ಲಿ ಐಸೊಡೊಡಿಕೇನ್ ಅಥವಾ ಸೈಕ್ಲೊಪೆಂಟಾಸಿಲೋಕ್ಸೇನ್‌ನಂತಹ ಬೇಗ ಆರಿಹೋಗುವ ದ್ರವ ಇರುತ್ತದೆ. ಅದು ಗಾಳಿಗೆ ಆರಿದ ಬಳಿಕ ಸಿಲಿಕೋನ್ ರಾಳದ ತೆಳು ಪೊರೆಯೂ ಎಣ್ಣೆ ಹೀರುವ ಸಿಲಿಕಾ ಅಥವಾ ಜೇಡಿಮಣ್ಣಿನ ಕಣಗಳೂ ರೆಪ್ಪೆಯ ಮೇಲೆ ಉಳಿಯುತ್ತವೆ. ಡಬ್ಬಿಯಲ್ಲಿ ಬರುವ ಗಟ್ಟಿ ಪ್ರೈಮರ್‌ಗಳಲ್ಲಿ ಮೇಣದ ಅಂಶ ಹೆಚ್ಚಿರುವುದರಿಂದ ಅವು ಬೆರಳಿನ ಬಿಸಿಗೆ ಮೆದುವಾಗಿ ಹರಡುತ್ತವೆ. ಎರಡಕ್ಕೂ ಅನ್ವಯಿಸುವ ಒಂದು ಮಾತನ್ನು ನೆನಪಿನಲ್ಲಿಡಬೇಕು: ದ್ರವ ಆರುವವರೆಗೆ ಪೊರೆ ಕಟ್ಟುವುದಿಲ್ಲ, ಪೊರೆ ಕಟ್ಟುವವರೆಗೆ ಪ್ರೈಮರ್ ಎಂಬುದು ರೆಪ್ಪೆಯ ಮೇಲಿನ ಇನ್ನೊಂದು ಜಾರುವ ಪದರವಷ್ಟೇ. ದೋಷಗಳಲ್ಲಿ ಅನೇಕವು ಹುಟ್ಟುವುದು ಈ ಅವಧಿಯಲ್ಲಿಯೇ.

ಪರೀಕ್ಷೆಯ ಏರ್ಪಾಡು

ಎರಡು ರೆಪ್ಪೆಗಳಿರುವುದು ಪರೀಕ್ಷೆಗೆ ದೊಡ್ಡ ಅನುಕೂಲ. ಒಂದಕ್ಕೆ ಪ್ರೈಮರ್ ಹಚ್ಚಿ, ಇನ್ನೊಂದನ್ನು ಬರಿದಾಗಿ ಬಿಟ್ಟು, ಎರಡಕ್ಕೂ ಒಂದೇ ಐಶ್ಯಾಡೋವನ್ನು ಒಂದೇ ಬ್ರಷ್‌ನಿಂದ ಹಚ್ಚಬೇಕು. ಇದಕ್ಕೆ ನಡುಮಟ್ಟದ ಕಂದು ಬಣ್ಣದ ಮ್ಯಾಟ್ (ಹೊಳಪಿಲ್ಲದ) ಐಶ್ಯಾಡೋ ಸೂಕ್ತ. ತೀರಾ ತಿಳಿಬಣ್ಣದಲ್ಲಿ ದೋಷ ಕಾಣುವುದಿಲ್ಲ. ತೀರಾ ಗಾಢ ಬಣ್ಣವು ಒಳ್ಳೆಯ ಪ್ರೈಮರ್‌ನ ಮೇಲೂ ಕಲೆಕಲೆಯಾಗಿ ಕಂಡು ದಾರಿ ತಪ್ಪಿಸುತ್ತದೆ. ಹಚ್ಚಿದ ಕೂಡಲೇ, ಒಂದು ಗಂಟೆಯ ಬಳಿಕ, ನಾಲ್ಕು ಗಂಟೆಯ ಬಳಿಕ ಮತ್ತು ದಿನದ ಕೊನೆಯಲ್ಲಿ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ನೆನಪನ್ನು ನಂಬಿಕೊಳ್ಳುವ ಅಗತ್ಯವಿರುವುದಿಲ್ಲ.

ಎರಡೂ ರೆಪ್ಪೆಗಳು ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಕೆಟ್ಟರೆ ಪ್ರೈಮರ್ ಏನನ್ನೂ ಮಾಡುತ್ತಿಲ್ಲ ಎಂದರ್ಥ. ಪ್ರೈಮರ್ ಇರುವ ರೆಪ್ಪೆಯೇ ಮೊದಲು ಕೆಟ್ಟರೆ ಹಚ್ಚಿದ ವಿಧಾನದಲ್ಲಿಯೋ ಪ್ರಮಾಣದಲ್ಲಿಯೋ ತೊಂದರೆಯಿದೆ. ಇದು ಜನ ಭಾವಿಸುವುದಕ್ಕಿಂತ ಹೆಚ್ಚು ಸಾಮಾನ್ಯ. ಬರಿಯ ರೆಪ್ಪೆ ಒಂದು ಗಂಟೆಯಲ್ಲಿ ಕೆಟ್ಟು ಪ್ರೈಮರ್ ಇರುವುದು ಆರು ಗಂಟೆ ತಡೆದರೆ ಪ್ರೈಮರ್ ಕೆಲಸ ಮಾಡುತ್ತಿದೆ, ನಿಮ್ಮ ನಿರೀಕ್ಷೆಯಷ್ಟು ಮಾಡುತ್ತಿಲ್ಲ, ಅಷ್ಟೆ. ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಪರಿಹಾರ ಬೇರೆಬೇರೆ.

ಒಬ್ಬರದೇ ಎರಡು ಕಣ್ಣುಗಳೂ ತದ್ವತ್ ಒಂದೇ ಆಗಿರುವುದಿಲ್ಲ. ಒಂದು ಕಡೆಯ ಮಡಿಕೆ ಆಳವಾಗಿರಬಹುದು, ಒಂದು ಕಣ್ಣು ಹೆಚ್ಚು ನೀರಾಡಬಹುದು. ಆದ್ದರಿಂದ ಮರುದಿನ ಬದಿ ಬದಲಿಸಿ ಅದೇ ಪರೀಕ್ಷೆ ಮಾಡಿ, ಆಮೇಲೆಯೇ ತೀರ್ಮಾನಕ್ಕೆ ಬನ್ನಿ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು ಎಂಬ ನಿಯಮವನ್ನು ಮಾತ್ರ ಸಡಿಲಿಸಬಾರದು. ಪ್ರಮಾಣವನ್ನೂ ಬ್ರಷ್ಷನ್ನೂ ಒಟ್ಟಿಗೆ ಬದಲಿಸಿ ಗೆರೆ ಮಾಯವಾದರೆ, ಯಾವುದರಿಂದ ಮಾಯವಾಯಿತು ಎಂಬುದು ತಿಳಿಯದೇ ಉಳಿಯುತ್ತದೆ. ಅಂಗೈ ಹಿಂಬದಿಯ ಮೇಲೆ ಮಾಡುವ ಪರೀಕ್ಷೆಯಿಂದ ಪ್ರೈಮರ್ ಎಷ್ಟು ಹೊತ್ತಿಗೆ ಒಣಗುತ್ತದೆ, ಬಣ್ಣ ಎಷ್ಟು ಎದ್ದು ಕಾಣುತ್ತದೆ ಎಂಬಿಷ್ಟನ್ನು ಅರಿಯಬಹುದು. ಅಲ್ಲಿ ರೆಪ್ಪೆಯಂತಹ ಮಡಿಕೆಯೂ ಇಲ್ಲ, ಜಿಡ್ಡೂ ಇಲ್ಲ; ಆದ್ದರಿಂದ ಬಣ್ಣ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯಲಾಗದು.

ಮಡಿಕೆಯ ಗೆರೆ ಏನು ಹೇಳುತ್ತದೆ

ಕೈಗನ್ನಡಿಯನ್ನು ಗಲ್ಲದ ಮಟ್ಟಕ್ಕೆ ಹಿಡಿದು, ತಲೆ ಬಾಗಿಸದೆ ಕಣ್ಣನ್ನು ಮಾತ್ರ ಕೆಳಗಿಳಿಸಿ ನೋಡಿ. ಆಗ ರೆಪ್ಪೆ ಮುಚ್ಚದೆಯೇ ಬಿಚ್ಚಿಕೊಳ್ಳುತ್ತದೆ. ಬೆಳಕು ಎದುರಿನಿಂದ ಬೀಳುವುದಕ್ಕಿಂತ ಪಕ್ಕದ ಕಿಟಕಿಯಿಂದ ಬಿದ್ದರೆ ಉಬ್ಬುತಗ್ಗುಗಳು ಸ್ಪಷ್ಟವಾಗುತ್ತವೆ. ಈ ನೋಟದಲ್ಲಿ ಮಡಿಕೆಯ ಗೆರೆ ಮೂರು ಬಗೆಯಲ್ಲಿ ಕಾಣಿಸಬಹುದು, ಮತ್ತು ಮೂರಕ್ಕೂ ಕಾರಣ ಬೇರೆ.

ಮೊದಲನೆಯದು ಅಚ್ಚು ಬಿದ್ದ ಗೆರೆ. ಮಡಿಕೆಯಲ್ಲಿ ಬಣ್ಣ ಕಿತ್ತುಹೋಗಿರುತ್ತದೆ. ಅದೇ ಆಕಾರದ ಬಣ್ಣ ಸ್ವಲ್ಪ ಮೇಲೆ, ಹುಬ್ಬಿನ ಕಡೆಗಿನ ಚರ್ಮದ ಮೇಲೆ ಮೂಡಿರುತ್ತದೆ. ಹಚ್ಚಿದ ಹತ್ತು ನಿಮಿಷದೊಳಗೆ ಇದು ಕಾಣಿಸಿಕೊಂಡರೆ, ಪ್ರೈಮರ್ ಆರುವ ಮೊದಲೇ ಕಣ್ಣು ಅಗಲವಾಗಿ ತೆರೆದದ್ದು ಕಾರಣ. ಪ್ರೈಮರ್ ಹಚ್ಚಿದ ಮೇಲೆ ಒಂದರಿಂದ ಎರಡು ನಿಮಿಷ ದೃಷ್ಟಿಯನ್ನು ಕೆಳಗಿಟ್ಟು, ರೆಪ್ಪೆಯನ್ನು ಬಿಚ್ಚಿಕೊಂಡ ಸ್ಥಿತಿಯಲ್ಲಿಯೇ ಇರಿಸಿ. ಬಳಿಕ ಒಣ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಬೆರಳಿಗೆ ಏನೂ ಅಂಟಬಾರದು. ತುಸು ಹಿಡಿದಂತೆ ಅನಿಸಿದರೆ ಅಡ್ಡಿಯಿಲ್ಲ. ಮಡಿಕೆಯ ಮೇಲಿನ ಚರ್ಮ ರೆಪ್ಪೆಯ ಮೇಲೆ ಇಳಿಬಿದ್ದಿರುವ ಕಣ್ಣುಗಳಲ್ಲಿ ಈ ಅಚ್ಚು ಒಣಗಿದ ಬಳಿಕವೂ ಬೀಳುತ್ತದೆ, ಏಕೆಂದರೆ ಅಲ್ಲಿ ಎರಡು ಚರ್ಮಗಳು ದಿನವಿಡೀ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಅಂಥವರು ಪ್ರೈಮರನ್ನು ರೆಪ್ಪೆಗೆ ಮಾತ್ರ ಹಚ್ಚಿ ನಿಲ್ಲಿಸದೆ, ಮೇಲಿನ ಚರ್ಮ ತಾಗುವ ಜಾಗವನ್ನೂ ದಾಟಿ ಹುಬ್ಬಿನ ಮೂಳೆಯವರೆಗೆ ಒಯ್ಯಬೇಕು, ಮತ್ತು ಎರಡೂ ಮೇಲ್ಮೈಗಳಿಗೆ ಚರ್ಮದ ಬಣ್ಣದ ಪುಡಿಯನ್ನು ತೆಳುವಾಗಿ ಒತ್ತಬೇಕು.

ಎರಡನೆಯದು ಗಾಢವಾದ, ಹೊಳೆಯುವ ಗೆರೆ. ಸುತ್ತಲಿನ ಬಣ್ಣ ತೆಳ್ಳಗಾಗಿ, ಮಡಿಕೆಯಲ್ಲಿ ಮಾತ್ರ ದಟ್ಟವಾಗಿ ಕೂಡಿಕೊಂಡಿರುತ್ತದೆ, ಬೆರಳಿಟ್ಟರೆ ಜಾರುತ್ತದೆ. ಇದಕ್ಕೆ ಜಿಡ್ಡು ಕಾರಣವಾಗಿರಬಹುದು, ಅತಿಯಾಗಿ ಹಚ್ಚಿದ ಪ್ರೈಮರೂ ಕಾರಣವಾಗಿರಬಹುದು. ಇವೆರಡನ್ನು ಬೇರ್ಪಡಿಸುವ ಸುಲಭ ಉಪಾಯವಿದೆ. ಒಣಗಿದ ಹತ್ತಿಕಡ್ಡಿಯನ್ನು ಗೆರೆಯುದ್ದಕ್ಕೂ ಒಮ್ಮೆ ಮೆಲ್ಲಗೆ ಎಳೆದು, ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಐಶ್ಯಾಡೋದ ಬಣ್ಣದ ನಡುವೆ ತಿಳಿಬಣ್ಣದ, ಮುದ್ದೆಯಂತಹ ಪದಾರ್ಥ ಸೇರಿಕೊಂಡಿದ್ದರೆ ಅದು ಪ್ರೈಮರೇ. ಹೆಚ್ಚಾದದ್ದು ಮಡಿಕೆಗೆ ಇಳಿದು ನಿಂತಿದೆ. ಗಾಢ ಬಣ್ಣದ ಎಣ್ಣೆಪಸೆ ಮಾತ್ರ ಬಂದಿದ್ದರೆ ಜಿಡ್ಡಿನ ಮೂಲ ಹುಡುಕಬೇಕು. ಪ್ರಮಾಣದ ಮಟ್ಟಿಗೆ ಒಂದು ರೆಪ್ಪೆಗೆ ಸಾಸಿವೆ ಕಾಳಿನಷ್ಟು ಸಾಕು. ಹರಡಿದ ಮೇಲೆ ಅದು ಪದರವಾಗಿ ಕಾಣುತ್ತಿದ್ದರೆ ಹೆಚ್ಚಾಯಿತೆಂದೇ ತಿಳಿಯಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಪ್ರೈಮರ್‌ನ ವಿಷಯದಲ್ಲಿ ಪೂರ್ತಿ ತಲೆಕೆಳಗು: ದಪ್ಪ ಪದರದ ಮೇಲ್ಭಾಗ ಬೇಗ ಆರಿ, ಒಳಗೆ ಹಸಿ ಉಳಿದುಕೊಂಡು, ಮೊದಲ ಕೆಲವು ನೂರು ಮಿಟುಕುಗಳಲ್ಲೇ ಅದು ಜರುಗುತ್ತದೆ.

ಮೂರನೆಯದು ಪೇಲವವಾದ, ಬಿರುಕಿನಂತಹ ಗೆರೆ. ಮಡಿಕೆಯಲ್ಲಿ ಬರಿಯ ಚರ್ಮ ಇಣುಕುತ್ತದೆ, ಇಕ್ಕೆಲಗಳಲ್ಲಿ ಬಣ್ಣ ಪುಡಿಪುಡಿಯಾಗಿ ನಿಂತಿರುತ್ತದೆ, ಹೊಳಪಿರುವುದಿಲ್ಲ. ಇಲ್ಲಿ ಸಮಸ್ಯೆ ಎಣ್ಣೆಯಲ್ಲ, ಒಣಗುವಿಕೆ. ಜೇಡಿಮಣ್ಣು ಅಥವಾ ಸಿಲಿಕಾ ಹೆಚ್ಚಿರುವ ಪ್ರೈಮರನ್ನು ಒಣಚರ್ಮದ ರೆಪ್ಪೆಗೆ ಹಚ್ಚಿದಾಗ, ಇಲ್ಲವೇ ಪ್ರೈಮರ್ ಮೇಲೆ ಪುಡಿಯನ್ನು ಧಾರಾಳವಾಗಿ ಸುರಿದಾಗ ಹೀಗಾಗುತ್ತದೆ. ವಯಸ್ಸಿನಿಂದ ಸಣ್ಣ ನೆರಿಗೆಗಳು ಮೂಡಿದ ರೆಪ್ಪೆಗಳಲ್ಲಿ ಇದು ಹೆಚ್ಚು. ಈ ಗೆರೆಯನ್ನು ಕಂಡು ಇನ್ನಷ್ಟು ಪುಡಿ ಒತ್ತುವುದು ಎಲ್ಲಕ್ಕಿಂತ ಕೆಟ್ಟ ಪರಿಹಾರ. ಪುಡಿಯನ್ನು ಬಿಟ್ಟು ನೋಡಿ. ರಾತ್ರಿ ಮಲಗುವಾಗ ರೆಪ್ಪೆಯ ಸುತ್ತ ಮಾಯಿಶ್ಚರೈಸರ್ ಹಚ್ಚಿ ಬೆಳಿಗ್ಗೆ ಅದನ್ನು ತೊಳೆದುಕೊಳ್ಳಿ. ಅದರಿಂದಲೂ ಸರಿಹೋಗದಿದ್ದರೆ ಆ ಪ್ರೈಮರ್ ನಿಮ್ಮ ಚರ್ಮಕ್ಕೆ ಹೊಂದುವುದಿಲ್ಲ ಎಂದು ಒಪ್ಪಿ, ಕ್ರೀಮಿನಂತೆ ಮೆದುವಾಗಿರುವ ಬಗೆಗೆ ಬದಲಾಗುವುದು ಸರಿಯಾದ ನಿರ್ಧಾರ.

ಬಣ್ಣ ಮಡಿಕೆಯಲ್ಲಲ್ಲದೆ ಬೇರೆಡೆ ಕೆಟ್ಟಿದ್ದರೆ ಆ ಜಾಗವೇ ಸುಳಿವು. ಮೂಗಿನ ಕಡೆಯ ಮೂಲೆಯಲ್ಲಿ ಮಾತ್ರ ಬಣ್ಣ ಕರಗಿದ್ದರೆ ಕಣ್ಣೀರು ಕಾರಣ. ಹೊರಮೂಲೆಯಲ್ಲಿ ಅಳಿಸಿದ್ದರೆ ಕಣ್ಣೊರೆಸುವ ಅಭ್ಯಾಸವನ್ನೋ, ಗಾಳಿಗೆ ನೀರಾಡುವ ಕಣ್ಣನ್ನೋ ಶಂಕಿಸಬೇಕು. ಎವೆಗಳ ಬುಡದಲ್ಲಿ ಕದಡಿದ್ದರೆ ಬಹುತೇಕ ಸಲ ತಪ್ಪು ಐಲೈನರ್ ಅಥವಾ ಮಸ್ಕಾರಾದ್ದು, ಪ್ರೈಮರ್‌ನದ್ದಲ್ಲ.

ಜಿಡ್ಡಿನ ಮೂಲ

ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಟ್ಟು, ತೆಳುವಾದ ಟಿಶ್ಯೂ ಅಥವಾ ಬ್ಲಾಟಿಂಗ್ ಪೇಪರ್ ಚೂರನ್ನು ರೆಪ್ಪೆಯ ಮೇಲೆ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕಾಗದದ ಮೇಲೆ ಬೆಳಕು ಹಾಯುವಂತಹ ಕಲೆ ಮೂಡಿದರೆ ನಿಮ್ಮ ರೆಪ್ಪೆಯೇ ಎಣ್ಣೆ ಸೂಸುತ್ತಿದೆ. ಆಗ ಹೀರುವ ಗುಣ ಹೆಚ್ಚಿರುವ, ಪೂರ್ತಿ ಒಣಗಿ ಮ್ಯಾಟ್ ಆಗುವ ಪ್ರೈಮರ್ ಬೇಕು. ಕಲೆ ಮೂಡದಿದ್ದರೆ ಜಿಡ್ಡು ಹೊರಗಿನಿಂದ ಬಂದದ್ದು, ಮತ್ತು ಅದನ್ನು ತಂದವರು ನಾವೇ.

ಹೊರಗಿನ ಜಿಡ್ಡಿನ ಮೂಲಗಳಲ್ಲಿ ಮೊದಲು ನೋಡಬೇಕಾದದ್ದು ಮೇಕಪ್ ತೆಗೆಯುವ ದ್ರವ. ಎಣ್ಣೆ ಮತ್ತು ನೀರು ಎರಡು ಪದರವಾಗಿ ನಿಂತಿರುವ, ಕುಲುಕಿ ಬಳಸುವ ರಿಮೂವರ್‌ಗಳು ಜಲನಿರೋಧಕ ಮೇಕಪ್ಪನ್ನು ಚೆನ್ನಾಗಿಯೇ ಬಿಡಿಸುತ್ತವೆ, ಆದರೆ ಎಣ್ಣೆಯ ತೆಳು ಪದರವನ್ನು ಬಿಟ್ಟುಹೋಗುತ್ತವೆ. ಐಶ್ಯಾಡೋ ತಪ್ಪಿತೆಂದು ಒರೆಸಿ, ಮುಖ ತೊಳೆಯದೆ ಅಲ್ಲಿಯೇ ಮತ್ತೆ ಪ್ರೈಮರ್ ಹಚ್ಚಿದರೆ ಆ ರೆಪ್ಪೆ ಬೇಗ ಕೆಡುವುದು ಖಚಿತ. ಇನ್ನೊಂದು ಮೂಲ ಕಣ್ಣಿನ ಕ್ರೀಮ್. ಅದನ್ನು ಕಣ್ಣುಗುಳಿಯ ಮೂಳೆಯ ಮೇಲೆ ಹಚ್ಚಿದರೂ ಚರ್ಮದ ಬಿಸಿಗೆ ಮತ್ತು ಮಿಟುಕಿಗೆ ರೆಪ್ಪೆಯ ಕಡೆಗೆ ಸರಿಯುತ್ತದೆ. ನೇರವಾಗಿ ರೆಪ್ಪೆಗೇ ಹಚ್ಚಿದರಂತೂ ಕೇಳುವುದೇ ಬೇಡ. ಸನ್‌ಸ್ಕ್ರೀನ್‌ನದ್ದೂ ಇದೇ ಕತೆ, ಆದರೆ ಅದನ್ನು ಬಿಡಿ ಎಂದು ಹೇಳಲಾಗದು. ಹಚ್ಚಿ ಹತ್ತು ನಿಮಿಷ ಬಿಟ್ಟು, ರೆಪ್ಪೆಯ ಮೇಲೆ ಟಿಶ್ಯೂ ಒತ್ತಿ ಹೆಚ್ಚಿನ ಜಿಡ್ಡು ತೆಗೆದು, ಆ ಬಳಿಕ ಪ್ರೈಮರ್ ಹಚ್ಚಿ.

ಹಿಂದಿನ ದಿನದ ಪ್ರೈಮರ್ ಪೂರ್ತಿ ಹೋಗದಿರುವುದೂ ಒಂದು ಕಾರಣ. ಸಿಲಿಕೋನ್ ರಾಳದ ಪೊರೆ ಬರಿಯ ಫೇಸ್‌ವಾಶ್‌ಗೆ ಸುಲಭವಾಗಿ ಬಿಡುವುದಿಲ್ಲ. ರಿಮೂವರ್‌ನಲ್ಲಿ ನೆನೆಸಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಇಪ್ಪತ್ತು ಮೂವತ್ತು ಸೆಕೆಂಡು ಇಟ್ಟು, ಉಜ್ಜದೆ ಕೆಳಮುಖವಾಗಿ ಒರೆಸಿ, ಕೊನೆಗೆ ಸೌಮ್ಯವಾದ ಕ್ಲೆನ್ಸರ್‌ನಿಂದ ತೊಳೆಯಬೇಕು.

ಬಣ್ಣ ಕಲೆಕಲೆಯಾಗಿ ಕೂರುವುದು

ಬ್ರಷ್ ಮೊದಲು ತಾಗಿದ ಜಾಗದಲ್ಲಿ ಬಣ್ಣ ದಟ್ಟವಾಗಿ ಹಿಡಿದು, ಎಷ್ಟು ತೀಡಿದರೂ ಬೆರೆಯದಿದ್ದರೆ ಪ್ರೈಮರ್ ಇನ್ನೂ ಅಂಟಂಟಾಗಿದೆ. ಕೆಲವು ಪ್ರೈಮರ್‌ಗಳು ಒಣಗಿದ ಮೇಲೂ ಬೇಕೆಂದೇ ಸ್ವಲ್ಪ ಅಂಟನ್ನು ಉಳಿಸಿಕೊಳ್ಳುತ್ತವೆ, ಮಿನುಗುವ ಐಶ್ಯಾಡೋ ಉದುರದೆ ನಿಲ್ಲಲಿ ಎಂದು. ಇಂಥವುಗಳ ಮೇಲೆ ಮ್ಯಾಟ್ ಬಣ್ಣ ಬೆರೆಸಬೇಕಾದರೆ, ಮೊದಲು ಚರ್ಮದ ಬಣ್ಣದ್ದೇ ಆದ ಐಶ್ಯಾಡೋವನ್ನು ತೆಳುವಾಗಿ ಒತ್ತಿ, ಅದರ ಮೇಲೆ ಕೆಲಸ ಆರಂಭಿಸಬೇಕು. ಪ್ರೈಮರನ್ನೇ ಏಕರೂಪವಾಗಿ ಹರಡದಿದ್ದರೂ ಕಲೆ ಮೂಡುತ್ತದೆ. ಉಂಗುರದ ಬೆರಳಿನಿಂದ ಹರಡುವಾಗ ಎವೆಗಳ ಬುಡ ಮತ್ತು ಒಳಮೂಲೆ ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ; ಅಲ್ಲಿಗೆ ಸಣ್ಣ ಚಪ್ಪಟೆ ಬ್ರಷ್ ವಾಸಿ.

ಬಣ್ಣವೇ ಬದಲಾದಂತೆ ಕಂಡರೆ

ಡಬ್ಬಿಯಲ್ಲಿ ಕಂಡ ಬಣ್ಣ ರೆಪ್ಪೆಯ ಮೇಲೆ ಬೂದುಬಣ್ಣಕ್ಕೆ ತಿರುಗಿದರೆ ಪ್ರೈಮರ್‌ನ ಸ್ವಂತ ಬಣ್ಣವನ್ನು ಗಮನಿಸಿ. ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಬಿಳಿಚಿದ ಪ್ರೈಮರ್‌ಗಳು ಕಪ್ಪು ಅಥವಾ ಕಂದು ಮೈಬಣ್ಣದ ರೆಪ್ಪೆಯ ಮೇಲೆ ಸುಣ್ಣ ಬಳಿದಂತೆ ಕಾಣುತ್ತವೆ, ಮತ್ತು ಮೇಲಿನ ಬಣ್ಣವನ್ನೂ ಮಂಕಾಗಿಸುತ್ತವೆ. ಪಾರದರ್ಶಕವಾಗಿ ಒಣಗುವ ಪ್ರೈಮರ್ ಅಥವಾ ನಿಮ್ಮ ಮೈಬಣ್ಣಕ್ಕೆ ಹೊಂದುವ ಛಾಯೆಯದ್ದನ್ನು ಆರಿಸುವುದೇ ಪರಿಹಾರ. ಇದು ಹಚ್ಚುವವರ ತಪ್ಪಲ್ಲ. ಛಾಯೆಗಳನ್ನು ಸಾಕಷ್ಟು ಒದಗಿಸದ ತಯಾರಕರ ಕೊರತೆ ಎಂದೇ ನಾನು ಭಾವಿಸುತ್ತೇನೆ. ಇದಕ್ಕೆ ವಿರುದ್ಧವಾಗಿ, ಬಣ್ಣ ಕೆಲವು ಗಂಟೆಗಳಲ್ಲಿ ಕಪ್ಪಾಗುತ್ತಾ ಹೋದರೆ ಪುಡಿ ಎಣ್ಣೆ ಕುಡಿದಿದೆ. ಒದ್ದೆಯಾದ ಬಟ್ಟೆ ಗಾಢವಾಗಿ ಕಾಣುವಂತೆಯೇ ಎಣ್ಣೆ ಹೀರಿದ ಪುಡಿಯೂ ಗಾಢವಾಗಿ ಕಾಣುತ್ತದೆ. ಅದಕ್ಕೆ ಜಿಡ್ಡಿನ ಬಗ್ಗೆ ಮೇಲೆ ಹೇಳಿದ ಕ್ರಮವೇ ಅನ್ವಯಿಸುತ್ತದೆ.

ಉಂಡೆಗಟ್ಟುವುದು, ಜಾರುವುದು

ಹರಡುವಾಗಲೇ ಪ್ರೈಮರ್ ಸಣ್ಣ ಎಳೆಗಳಾಗಿ, ಉಂಡೆಗಳಾಗಿ ಉರುಳಿ ಬಂದರೆ ಅದು ಕೆಳಗಿನ ಪದರದೊಂದಿಗೆ ಹೊಂದಿಕೊಳ್ಳುತ್ತಿಲ್ಲ. ಜೆಲ್ ರೂಪದ ಸೀರಮ್ ಅಥವಾ ಸನ್‌ಸ್ಕ್ರೀನ್ ಒಣಗುವ ಮೊದಲೇ ಅದರ ಮೇಲೆ ಉಜ್ಜಿದರೆ ಹೀಗಾಗುತ್ತದೆ. ಕೆಳಪದರ ಒಣಗಲು ಬಿಡಿ; ಉಜ್ಜುವ ಬದಲು ತಟ್ಟಿ ಹಚ್ಚಿ.

ಪುಡಿ ಐಶ್ಯಾಡೋ ನಿಲ್ಲುತ್ತದೆ, ಕ್ರೀಮ್ ಐಶ್ಯಾಡೋ ಮಾತ್ರ ಜಾರುತ್ತದೆ ಎಂಬ ದೂರಿಗೆ ಕಾರಣ ಸರಳ. ಬೇಗ ಒಣಗುವ ಅನೇಕ ಕ್ರೀಮ್ ಐಶ್ಯಾಡೋಗಳಲ್ಲಿಯೂ ಪ್ರೈಮರ್‌ನಲ್ಲಿರುವಂತಹ ದ್ರವಗಳೇ ಇರುತ್ತವೆ, ಮತ್ತು ಅವು ಆಗತಾನೆ ಕಟ್ಟಿದ ಪೊರೆಯನ್ನು ಮತ್ತೆ ಕರಗಿಸುತ್ತವೆ. ಅಂಥ ಐಶ್ಯಾಡೋಗಳು ತಾವೇ ಪೊರೆ ಕಟ್ಟಬಲ್ಲವು; ಅವುಗಳಡಿ ಪ್ರೈಮರ್ ಬಿಟ್ಟು ನೋಡಿ. ಪ್ರೈಮರ್‌ಗೆ ಬದಲಾಗಿ ಕನ್ಸೀಲರ್ (ಚರ್ಮದ ಕಲೆ ಮರೆಮಾಡುವ ಮೇಕಪ್) ಹಚ್ಚುವವರು ಒಂದನ್ನು ತಿಳಿದಿರಬೇಕು: ಅನೇಕ ಕನ್ಸೀಲರ್‌ಗಳಲ್ಲಿ ಚರ್ಮವನ್ನು ಮೆದುವಾಗಿಡುವ ಎಣ್ಣೆಯಂಶ ಇರುತ್ತದೆ, ಅದು ಪೂರ್ತಿ ಆರುವುದಿಲ್ಲ. ಬಣ್ಣ ಎದ್ದು ಕಾಣಿಸಲು ಅದು ನೆರವಾದೀತು, ಆದರೆ ದಿನವಿಡೀ ಮಡಿಕೆಯ ಗೆರೆಯನ್ನು ತಡೆಯುವ ಕೆಲಸಕ್ಕೆ ಅದನ್ನು ಮಾಡಿಲ್ಲ.

ಹಿಂದೆ ಚೆನ್ನಾಗಿದ್ದದ್ದು ಈಗ ಕೆಟ್ಟರೆ

ತಿಂಗಳುಗಟ್ಟಲೆ ಸರಿಯಾಗಿದ್ದ ಪ್ರೈಮರ್ ಇದ್ದಕ್ಕಿದ್ದಂತೆ ಎಳೆ ಬಂದು, ಗಟ್ಟಿಯಾಗಿ, ಹರಡದೆ ಹೋದರೆ ಅದರ ದ್ರವಾಂಶ ಆರಿಹೋಗಿದೆ. ಮುಚ್ಚಳ ಸಡಿಲವಾಗಿತ್ತೇ, ಅದರ ಅಂಚಿನಲ್ಲಿ ಒಣಗಿದ ಪ್ರೈಮರ್ ಮೆತ್ತಿಕೊಂಡು ಬಿಗಿಯಾಗಿ ಕೂರದಂತಾಗಿದೆಯೇ ಎಂದು ನೋಡಿ. ನೀರನ್ನೋ ಕಣ್ಣಿನ ಡ್ರಾಪ್ಸನ್ನೋ ಬೆರೆಸಿ ಅದನ್ನು ಮೆದುವಾಗಿಸಲು ಹೋಗಬೇಡಿ. ಸಿಲಿಕೋನ್ ಆಧಾರಿತ ಪದಾರ್ಥದಲ್ಲಿ ನೀರು ಬೆರೆಯುವುದಿಲ್ಲ, ಸೂಕ್ಷ್ಮಜೀವಿಗಳು ಬೆಳೆಯಲು ಮಾತ್ರ ಎಡೆಯಾಗುತ್ತದೆ. ಟ್ಯೂಬಿನಿಂದ ಮೊದಲು ತಿಳಿದ್ರವ, ಆಮೇಲೆ ಗಟ್ಟಿ ಭಾಗ ಬಂದರೆ ಪದಾರ್ಥಗಳು ಬೇರ್ಪಟ್ಟಿವೆ. ಟ್ಯೂಬನ್ನು ಬೆರಳುಗಳ ನಡುವೆ ಹಿಸುಕಿ ಬೆರೆಸಿದಾಗ ಒಂದಾದರೆ ಬಳಸಬಹುದು. ಒಂದಾಗದಿದ್ದರೆ ಅಥವಾ ವಾಸನೆ ಬದಲಾಗಿದ್ದರೆ ಎಸೆಯಬೇಕು. ಪ್ಯಾಕ್ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂಬ ಅಂಕಿಯಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ.

ಉರಿ, ತುರಿಕೆ, ಕೆಂಪು

ಇದನ್ನು ಮೇಲಿನ ದೋಷಗಳ ಸಾಲಿಗೆ ಸೇರಿಸಿ ಪರೀಕ್ಷೆ ಮಾಡುತ್ತಾ ಕೂರಬಾರದು. ರೆಪ್ಪೆ ಕೆಂಪಾಗಿ, ಊದಿ, ಸಿಪ್ಪೆಯೇಳತೊಡಗಿದರೆ ಕಣ್ಣಿನ ಮೇಕಪ್ಪನ್ನೆಲ್ಲ ಅಂದೇ ನಿಲ್ಲಿಸಿ. ಸುಗಂಧದ್ರವ್ಯ, ಸಂರಕ್ಷಕ ಪದಾರ್ಥ, ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಮೊದಲಾದವು ಕೆಲವರಿಗೆ ಒಗ್ಗುವುದಿಲ್ಲ. ಹಾಗೆಂದು ಪ್ರೈಮರನ್ನೇ ಅಪರಾಧಿ ಎಂದು ಕೂಡಲೇ ನಿಶ್ಚಯಿಸಲೂಬಾರದು, ಏಕೆಂದರೆ ಉಗುರುಬಣ್ಣದಲ್ಲಿನ ರಾಳ, ಕೂದಲಿನ ಬಣ್ಣ ಮತ್ತು ಶಾಂಪೂ ಕೂಡ ಬೆರಳಿನ ಮೂಲಕವೋ ತೊಳೆಯುವಾಗ ಹರಿದೋ ರೆಪ್ಪೆಯ ತೆಳು ಚರ್ಮಕ್ಕೆ ಅಲರ್ಜಿ ತರುವುದು ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೊಸ ಪ್ರೈಮರನ್ನು ರೆಪ್ಪೆಗೆ ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿದರೆ ಒಗ್ಗದಿರುವುದು ಅನೇಕ ಸಲ ಅಲ್ಲಿಯೇ ತಿಳಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಲೆನ್ಸ್ ಹಾಕಿಕೊಂಡ ಮೇಲೆ ಪ್ರೈಮರ್ ಹಚ್ಚಬೇಕು, ತೆಗೆಯುವಾಗ ಲೆನ್ಸ್ ಮೊದಲು ತೆಗೆಯಬೇಕು. ಸಿಲಿಕೋನ್ ಮೆತ್ತಿದ ಬೆರಳಿನಿಂದ ಲೆನ್ಸ್ ಮುಟ್ಟಿದರೆ ನೋಟ ಮಂಜಾಗುತ್ತದೆ. ಕಣ್ಣಿಗೆ ಸೋಂಕು ತಗಲಿದ್ದಾಗ ಬಳಸಿದ ಡಬ್ಬಿ ಪ್ರೈಮರನ್ನು, ಅದು ತುಂಬಿ ತುಳುಕುತ್ತಿದ್ದರೂ, ಮತ್ತೆ ಮುಟ್ಟದೆ ಎಸೆಯಬೇಕು, ಬ್ರಷ್ಷುಗಳನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ನೋವು ಅಥವಾ ಮಂಜು ನೋಟ ಇದ್ದರೆ, ಇಲ್ಲವೇ ಊತ ಒಂದೆರಡು ದಿನದಲ್ಲಿ ಇಳಿಯದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ, ಹೋಗುವಾಗ ಆ ಪ್ರೈಮರ್‌ನ ಪ್ಯಾಕನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಪದಾರ್ಥಗಳ ಪಟ್ಟಿ ಅವರಿಗೆ ಬೇಕಾಗುತ್ತದೆ.